ಕೊರಳ ಹಾರದಂಥ ಒಂದು ಸಂಖ್ಯೆ: 12345654321

ಹೋದ ಬೇಸಿಗೆ ರಜೆಗೆ ತಂಗಿಯ ಮಗಳು ಗಂಗಾವತಿಗೆ ಬಂದಿದ್ದಳು. ಏಳನೇ ತರಗತಿ ಮುಗಿಸಿದ್ದಳು. ನಾನು ಇಲ್ಲಿ ಒಂದು ಭತ್ತದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮಧ್ಯಾಹ್ನ ಬುತ್ತಿ ತಂದವಳು ಮನೆಗೆ ಹೋಗದೆ ನನ್ನ ಮೇಜಿನ ಎದುರಿಗೇ ಕುಳಿತಳು. ನಾನು ಊಟ ಮುಗಿಸುವಷ್ಟರಲ್ಲಿ ಕ್ಯಾಲ್ಕುಲೇಟರ್ ಅವಳ ಕೈಯಲ್ಲಿತ್ತು. ಹಳೇ ಪಟ್ಟಿಯ ಹಿಂಬದಿಯಲ್ಲಿ ಇಷ್ಟು ಬರೆದಿದ್ದಳು:

11 × 11 = 121
111 × 111 = 12321
1111 × 1111 = 1234321
11111 × 11111 = 123454321
111111 × 111111 = 12345654321

"ಮಾಮಾ, ಇದು ಯಾಕ ಹಿಂಗ ಬರ್ತೈತಿ? ಏರಿ ಇಳಿತೈತಿ ನೋಡು. ಏಳು ಒಂದು ಹಾಕಿದ್ರ ಮಾತ್ರ ಬರವಲ್ದು, ಬರೇ ಇ ಅಂತ ತೋರಸ್ತೈತಿ."

"ಬರ್ತೈತವಾ. ತೋರ್ಸಾಕ ಜಾಗ ಸಾಲವಲ್ದು ಅಷ್ಟ" ಅಂದೆ.

ಅಂಗಡಿಗಳಲ್ಲಿ ಇಡುವ ಕ್ಯಾಲ್ಕುಲೇಟರಿನಲ್ಲಿ 12 ಅಂಕಿಗೆ ಜಾಗ ಇರುತ್ತದೆ. ಏಳು ಒಂದುಗಳ ವರ್ಗ 1234567654321. ಎಣಿಸಿ ನೋಡಿ, 13 ಅಂಕಿ. ಒಂದು ಅಂಕಿ ಹೊರಗೆ ಬೀಳುತ್ತದೆ. ಹಾಗಾಗಿ ಈ ಏರಿಳಿತದ ಸಾಲಿನಲ್ಲಿ ನಮ್ಮ ಅಂಗಡಿಯ ಕ್ಯಾಲ್ಕುಲೇಟರ್ ಪೂರ್ತಿಯಾಗಿ ತೋರಿಸಬಲ್ಲ ಕೊನೆಯ ಸಂಖ್ಯೆ 12345654321. ಅವಳು ಅಲ್ಲಿಗೆ ನಿಂತಿದ್ದಳು.

ಆ ಸಂಖ್ಯೆ ನೋಡಿದ ಕೂಡಲೇ ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಸಾವಿರದ ನೂರು ವರ್ಷಕ್ಕೂ ಹಿಂದೆ ಇನ್ನೊಬ್ಬರು ಬರೆದಿಟ್ಟ ಸಂಖ್ಯೆ ಅದು. ಅವರು ಬರೆದದ್ದೂ ನಮ್ಮ ನಾಡಿನಲ್ಲೇ.

ಮಹಾವೀರಾಚಾರ್ಯರ ಹೆಸರು ಕೇಳಿರುತ್ತೀರಿ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞರು. ಕ್ರಿ.ಶ. 850ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಶುರುವಿನಲ್ಲೇ ನೃಪತುಂಗನನ್ನು ಹೊಗಳುತ್ತಾರೆ. ಆಮೇಲೆ ಲೆಕ್ಕ ಎಲ್ಲೆಲ್ಲಿ ಬೇಕು ಎಂದು ಪಟ್ಟಿ ಕೊಡುತ್ತಾರೆ. ಸಂಗೀತಕ್ಕೆ ಬೇಕು, ನಾಟಕಕ್ಕೆ ಬೇಕು, ವೈದ್ಯಕ್ಕೆ, ಮನೆ ಕಟ್ಟೋದಕ್ಕೆ, ಅಡುಗೆಗೂ ಬೇಕು ಅನ್ನುತ್ತಾರೆ. ಅಡುಗೆಯನ್ನು ಬಿಡದೆ ಸೇರಿಸಿದ್ದು ನನಗೆ ಬಹಳ ಹಿಡಿಸಿತು. ರಂಗಾಚಾರ್ಯರು ಇದನ್ನು ಇಂಗ್ಲಿಷಿಗೆ ಅನುವಾದಿಸಿ 1912ರಲ್ಲಿ ಮದ್ರಾಸಿನಿಂದ ಹೊರತಂದ ಮೇಲೆ ಹೊರಗಿನ ಲೋಕಕ್ಕೂ ಮಹಾವೀರರ ಪರಿಚಯವಾಯಿತು.

ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡು ಯಾವುದು ಅಂತ ಹೇಳುವಾಗ ನಾಲ್ಕು ಊರು ಹೆಸರಿಸುತ್ತದೆ. ಕಿಸುವೊಳಲು, ಪುಲಿಗೆರೆ, ಒಂಕುಂದ, ಮತ್ತೆ 'ಮಹಾಕೊಪಣನಗರ'. ಆ ಕೊಪಣವೇ ನಮ್ಮ ಕೊಪ್ಪಳ. ಆಗ ಅದು ಜೈನರ ದೊಡ್ಡ ತೀರ್ಥ. ಹೀಗೆ ಕನ್ನಡದ ಮೊದಲ ಲಕ್ಷಣ ಗ್ರಂಥಕ್ಕೂ ಈ ಗಣಿತ ಗ್ರಂಥಕ್ಕೂ ನೆರಳು ಕೊಟ್ಟವನು ಒಬ್ಬನೇ ದೊರೆ. ಒಂದನ್ನು ಶಾಲೆಯಲ್ಲಿ ಹೇಳಿಕೊಟ್ಟರು. ಇನ್ನೊಂದನ್ನು ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗುಣಾಕಾರ ಕಲಿಸುವಾಗ ಮಹಾವೀರರು ಕೊಡುವ ಕೆಲವು ಲೆಕ್ಕಗಳ ಉತ್ತರ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಅಂಥ ಉತ್ತರವನ್ನು ಅವರು ಕೊರಳ ಹಾರಕ್ಕೆ ಹೋಲಿಸುತ್ತಾರೆ. 139 × 109 = 15151. 152207 × 73 = 11111111. 14287143 × 7 = 100010001. ಕೊನೆಯದರಲ್ಲಿ ಮೂರು ಮೂರು ಸೊನ್ನೆಗೊಂದು ಮಣಿ ಕೂತಿದೆ ನೋಡಿ. ಇವೆಲ್ಲಕ್ಕಿಂತ ಚಂದದ್ದು ಇದು:

27994681 × 441 = 12345654321

ಒಂದರಿಂದ ಶುರುವಾಗಿ ಆರರವರೆಗೆ ಏರಿ, ಮತ್ತೆ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆ ಎಂದು ಅವರೇ ಬಣ್ಣಿಸುತ್ತಾರೆ. ಹೂವಿನ ಹಾರದಲ್ಲಿ ನಡುವೆ ದೊಡ್ಡ ಹೂ ಇಟ್ಟು ಎರಡೂ ಕಡೆ ಸಣ್ಣದು ಮಾಡುತ್ತಾ ಹೋಗ್ತಾರಲ್ವಾ, ಹಾಗೆ.

ಈಗ ಒಂದು ಪ್ರಶ್ನೆ. ಹುಡುಗಿ ಬರೆದದ್ದು 111111 × 111111. ಮಹಾವೀರರು ಬರೆದದ್ದು 27994681 × 441. ಎರಡರ ಉತ್ತರವೂ ಒಂದೇ. ಇದು ಹೇಗೆ? ಅದಕ್ಕೆ ಬರುತ್ತೇನೆ. ಮೊದಲು ಸಂಖ್ಯೆ ಎಷ್ಟು ದೊಡ್ಡದು ಎಂದು ನೋಡೋಣ.

ನಮ್ಮ ಪದ್ಧತಿಯಲ್ಲಿ ಅಲ್ಪವಿರಾಮ ಹಾಕಿದರೆ 12,34,56,54,321. ಓದುವಾಗ 1,234 ಕೋಟಿ 56 ಲಕ್ಷ 54 ಸಾವಿರದ 321. ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಎಣಿಸಿದರೆ ಸುಮಾರು 391 ವರ್ಷ ಬೇಕು. ಗಂಗಾವತಿಯವನಾದ್ದರಿಂದ ನನಗೆ ಭತ್ತದಲ್ಲಿ ಹೇಳಿದರೆ ಸಲೀಸು. ಸೋನಾ ಮಸೂರಿಯಂಥ ಸಣ್ಣ ಭತ್ತದ ಸಾವಿರ ಕಾಳಿಗೆ 15 ಗ್ರಾಂ ಎಂದು ಹಿಡಿಯೋಣ. ಅಷ್ಟು ಕಾಳು ಸೇರಿದರೆ 185 ಟನ್. 75 ಕೆ.ಜಿ. ಚೀಲದಲ್ಲಿ ತುಂಬಿದರೆ ಹೆಚ್ಚು ಕಡಿಮೆ 2,470 ಚೀಲ. ಸುಗ್ಗಿಯಲ್ಲಿ ಇಲ್ಲಿ ಅಷ್ಟು ಚೀಲ ಕಣ್ಣಿಗೆ ಬೀಳುವುದು ಹೊಸದೇನಲ್ಲ. ಕಾಳು ಕಾಳಾಗಿ ನೋಡಿದಾಗ ಮಾತ್ರ ತಲೆ ತಿರುಗುತ್ತದೆ.

ಇನ್ನು ಹುಡುಗಿಯ ಪ್ರಶ್ನೆ. ಯಾಕೆ ಹೀಗೆ ಏರಿ ಇಳಿಯುತ್ತದೆ?

ಕ್ಯಾಲ್ಕುಲೇಟರ್ ಬದಿಗಿಟ್ಟು ಕೈಯಿಂದ ಗುಣಿಸಿದರೆ ಕಾರಣ ಕಣ್ಣಿಗೇ ಕಾಣುತ್ತದೆ. 111111ನ್ನು 1ರಿಂದ ಗುಣಿಸಿದರೆ ಅದೇ ಸಾಲು. ಹತ್ತರ ಮನೆಯ 1ರಿಂದ ಗುಣಿಸಿದರೂ ಅದೇ ಸಾಲು, ಒಂದು ಮನೆ ಎಡಕ್ಕೆ ಜರುಗಿರುತ್ತದೆ ಅಷ್ಟೇ. ಹೀಗೆ ಆರು ಸಾಲು. ಪ್ರತಿ ಸಾಲಿನಲ್ಲೂ ಆರು ಒಂದು. ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ. ಪೆನ್ಸಿಲಿನಲ್ಲಿ ಆರೂ ಸಾಲು ಬರೆದು ಅವಳ ಮುಂದಿಟ್ಟೆ. ಮೇಲಿಂದ ಕೆಳಗೆ ಕೂಡಿಸು ಅಂದೆ. ಬಲಗಡೆಯ ಕೊನೆಯ ಕಂಬದಲ್ಲಿ ಒಂದೇ ಒಂದು. ಪಕ್ಕದ್ದರಲ್ಲಿ ಎರಡು. ಅದರ ಪಕ್ಕ ಮೂರು. ನಟ್ಟ ನಡುವಿನ ಕಂಬದಲ್ಲಿ ಮಾತ್ರ ಆರೂ ಸಾಲು ಒಂದರ ಮೇಲೊಂದು ಬರುತ್ತವೆ. ಅಲ್ಲಿಂದ ಮುಂದೆ ಬಲಬದಿಯ ಸಾಲುಗಳು ಒಂದೊಂದೇ ಮುಗಿಯುತ್ತಾ ಐದು, ನಾಲ್ಕು, ಮೂರು, ಎರಡು, ಒಂದು.

ಅಂದರೆ ಉತ್ತರದ ಪ್ರತಿ ಅಂಕಿಯೂ 'ಈ ಕಂಬದಲ್ಲಿ ಎಷ್ಟು ಒಂದು ಬಿದ್ದಿವೆ' ಎಂಬ ಎಣಿಕೆ. ಬೇರೇನೂ ಅಲ್ಲ.

ಈ ಎಣಿಕೆಯನ್ನು ನೀವು ಬೇರೆ ಕಡೆ ನೋಡಿದ್ದೀರಿ. ಎರಡು ದಾಳ ತೆಗೆದುಕೊಳ್ಳಿ. ಲೂಡೋ ದಾಳವೇ ಆಗಲಿ. ಎರಡನ್ನೂ ಒಟ್ಟಿಗೆ ಹಾಕಿ ಮೊತ್ತ ನೋಡಿ. ಮೊತ್ತ 2 ಬರೋದು ಒಂದೇ ರೀತಿ, ಎರಡರಲ್ಲೂ 1 ಬಿದ್ದರೆ. 3 ಬರೋದು ಎರಡು ರೀತಿ. 4 ಬರೋದು ಮೂರು ರೀತಿ. 7ಕ್ಕೆ ಆರು ರೀತಿ. ಅಲ್ಲಿಂದ ಇಳಿಮುಖ. 12ಕ್ಕೆ ಮತ್ತೆ ಒಂದೇ. ಸಾಲಾಗಿ ಬರೆದರೆ 1, 2, 3, 4, 5, 6, 5, 4, 3, 2, 1. ಅದೇ ಹಾರ!

ಇದು ಆಕಸ್ಮಿಕವಲ್ಲ. ಗುಣಿಸುವಾಗ ಮೇಲಿನ ಸಂಖ್ಯೆಯ ಆರು ಮನೆಗಳಲ್ಲಿ ಒಂದನ್ನು, ಕೆಳಗಿನ ಸಂಖ್ಯೆಯ ಆರು ಮನೆಗಳಲ್ಲಿ ಒಂದನ್ನು ಜೋಡಿ ಮಾಡುತ್ತೇವೆ. ಆ ಎರಡು ಮನೆಗಳ ಮೊತ್ತವೇ ಉತ್ತರ ಎಲ್ಲಿ ಬೀಳಬೇಕು ಅಂತ ಹೇಳುತ್ತದೆ. ದಾಳದಲ್ಲಿ ಆಗೋದೂ ಇದೇ. ಹಾಗಾಗಿ ಹಾರದ ಅಂಕಿಗಳನ್ನೆಲ್ಲ ಕೂಡಿಸಿದರೆ 36 ಬರುತ್ತದೆ. ಎರಡು ದಾಳ ಬೀಳಬಹುದಾದ ಒಟ್ಟು ಬಗೆಗಳೂ 6 × 6 = 36. ಈ ಹೋಲಿಕೆ ಹೊಳೆದ ದಿನ ನಾನು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಾ ಕುಳಿತಿದ್ದೆ.

ಹಾಗಾದರೆ ಒಂದುಗಳನ್ನು ಜಾಸ್ತಿ ಮಾಡುತ್ತಾ ಹೋದರೆ? ಒಂಬತ್ತರವರೆಗೆ ತೊಂದರೆ ಇಲ್ಲ. 111111111ರ ವರ್ಗ 12345678987654321. ಹತ್ತು ಒಂದುಗಳಾದರೆ ನಡುಕಂಬದಲ್ಲಿ ಹತ್ತು ಬೀಳುತ್ತದೆ. ಹತ್ತಕ್ಕೆ ಒಂದೇ ಅಂಕಿ ಇಲ್ಲ. ದಶಕ ಪಕ್ಕದ ಮನೆಗೆ ಹೋಗುತ್ತದೆ. ಅಲ್ಲಿ ಒಂಬತ್ತಿತ್ತು, ಹತ್ತಾಗುತ್ತದೆ, ಅದೂ ಪಕ್ಕಕ್ಕೆ ಹೋಗುತ್ತದೆ. ಕೊನೆಗೆ ಸಿಗುವುದು 1234567900987654321. ಹಾರ ಹರಿಯಿತು. ಎಡಬದಿಯಲ್ಲಿ 8 ಕಾಣೆಯಾಗಿದೆ ಗಮನಿಸಿ. ಹಾರ ಸರಿಯಾಗಿ ನಿಲ್ಲಬೇಕಾದರೆ ದಶಕ ಎಲ್ಲೂ ಪಕ್ಕಕ್ಕೆ ಜಾರಬಾರದು. ಇಡೀ ಗುಟ್ಟು ಅಷ್ಟೇ. ಹತ್ತರ ಬದಲು ಎಂಟೆಂಟರ ಗುಂಪಿನಲ್ಲಿ ಎಣಿಸುವ ಪದ್ಧತಿಯಲ್ಲೂ ಆರು ಒಂದುಗಳ ವರ್ಗವನ್ನು 12345654321 ಎಂದೇ ಬರೆಯುತ್ತಾರೆ. ಬೆಲೆ ಬೇರೆ, ಹಾರ ಅದೇ. 6 ಎಂಬ ಅಂಕಿ ಇರುವ ಯಾವ ಪದ್ಧತಿಯಲ್ಲೂ ಹೀಗೇ.

ಈಗ ಸಂಖ್ಯೆಯನ್ನು ಬಿಚ್ಚಿ ಒಳಗೇನಿದೆ ನೋಡೋಣ.

111111ನ್ನು ನೋಡಿದರೆ 111 ಎರಡು ಸಲ ಬರೆದಂತಿದೆ. 111 ಸಾವಿರ, ಜೊತೆಗೆ 111. ಅಂದರೆ 111 × 1001. ಯಾವುದೇ ಮೂರಂಕಿಯನ್ನು ಎರಡು ಸಲ ಬರೆದರೂ ಅದು 1001ರ ಮಗ್ಗಿಯಲ್ಲಿ ಬರುತ್ತದೆ. ಈ 1001 ಇದೆಯಲ್ಲ, ಅದು 7 × 11 × 13. ಮಕ್ಕಳಿಗೆ ಇದು ಒಳ್ಳೆ ಆಟ. ಮೂರಂಕಿ ನೆನೆಸಿಕೊ, ಎರಡು ಸಲ ಬರೆ, 7ರಿಂದ ಭಾಗಿಸು, 11ರಿಂದ ಭಾಗಿಸು, 13ರಿಂದ ಭಾಗಿಸು. ನೆನೆಸಿದ ಸಂಖ್ಯೆಯೇ ವಾಪಸ್ ಬರುತ್ತದೆ. ಇನ್ನು ಉಳಿದ 111 ಎಂದರೆ 3 × 37. ಒಟ್ಟಿನಲ್ಲಿ

111111 = 3 × 7 × 11 × 13 × 37

ಐದೂ ಅವಿಭಾಜ್ಯ ಸಂಖ್ಯೆಗಳು, ಇನ್ನು ಒಡೆಯಲು ಬರುವುದಿಲ್ಲ. ನಮ್ಮ ಹಾರ ಇದರ ವರ್ಗ. ಹಾಗಾಗಿ ಅದರಲ್ಲಿ ಇವು ಒಂದೊಂದೂ ಎರಡೆರಡು ಸಲ ಇವೆ.

ಈಗ ಮಹಾವೀರರ 441 ಎಲ್ಲಿಂದ ಬಂತು ಎಂದು ಹೇಳಬಹುದು. 441 ಅಂದರೆ 21ರ ವರ್ಗ. 21 ಅಂದರೆ 3 × 7. ಉಳಿದ ಮೂರು, 11 × 13 × 37, ಸೇರಿದರೆ 5291. ಅದರ ವರ್ಗ ಮಾಡಿ ನೋಡಿ: 27994681. ಕಣ್ಣಿಗೆ ಯಾವ ಅಂದವೂ ಕಾಣದ ಸಂಖ್ಯೆ. ಅದಕ್ಕೆ 441 ಸೇರಿದ ಕೂಡಲೇ ಹಾರ. 111111 × 111111 ಎಂದು ಕೊಟ್ಟಿದ್ದರೆ ಜಾಣ ಹುಡುಗ ಲೆಕ್ಕ ಮಾಡದೆಯೇ ಉತ್ತರ ಊಹಿಸುತ್ತಿದ್ದ. ಇಲ್ಲಿ ಎಂಟಂಕಿಯ ಒರಟು ಸಂಖ್ಯೆ ಮುಂದಿದೆ. ಕೈಯಿಂದ ಗುಣಿಸಲೇಬೇಕು. ಎಲ್ಲೂ ತಪ್ಪದೆ ಗುಣಿಸಿದರೆ ಮಾತ್ರ ಕೊನೆಗೆ ಹಾರ ಬೀಳುತ್ತದೆ. ಒಂದು ದಶಕ ತಪ್ಪಿದರೂ ಹಾರ ಕೆಟ್ಟು ತಪ್ಪು ತಾನಾಗಿಯೇ ತೋರುತ್ತದೆ. ಮೇಷ್ಟ್ರು ತಿದ್ದುವುದೇ ಬೇಡ. ಇಂಥ ಲೆಕ್ಕ ಕಟ್ಟಬೇಕಾದರೆ ಉತ್ತರದಿಂದ ಹಿಂದಕ್ಕೆ ನಡೆದು ಹಾರವನ್ನು ಬಿಡಿಸಿರಬೇಕು. ಪಾಠ ಹೇಳುವವರ ಪ್ರೀತಿ ಅದರಲ್ಲಿ ಕಾಣುತ್ತದೆ ನನಗೆ.

ಹಾರವನ್ನು ಬಿಡಿಸದೆಯೇ, ಬರೀ ಅಂಕಿ ನೋಡಿ 7, 11, 13 ಒಳಗಿವೆ ಎಂದು ಹೇಳಬಹುದೇ? ಹೇಳಬಹುದು. ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ: 12, 345, 654, 321. ಒಂದು ಬಿಟ್ಟು ಒಂದು ಕೂಡಿಸಿ. 321 + 345 = 666. 654 + 12 = 666. ಎರಡೂ ಸಮ, ಕಳೆದರೆ ಸೊನ್ನೆ. ಹಾಗಾಗಿ ಸಂಖ್ಯೆ 1001ರಿಂದ ಪೂರ್ತಿ ಭಾಗವಾಗುತ್ತದೆ. ಇದು ಯಾಕೆ ನಡೆಯುತ್ತದೆ ಎಂದರೆ, 1000 ಅನ್ನೋದು 1001ಕ್ಕಿಂತ ಒಂದು ಕಡಿಮೆ. 1001ರಿಂದ ಭಾಗಿಸುವ ಲೆಕ್ಕದಲ್ಲಿ ಪ್ರತಿ ಸಾವಿರವೂ 'ಒಂದು ಸಾಲ' ಇದ್ದ ಹಾಗೆ. ಸಾವಿರದ ಸಾವಿರ ಅಂದರೆ ಸಾಲದ ಸಾಲ, ಅದು ಜಮಾ. ಹೀಗೆ ಒಂದು ಗುಂಪು ಜಮಾ, ಇನ್ನೊಂದು ಖರ್ಚು. ಜಮಾ ಖರ್ಚು ತಾಳೆಯಾದರೆ ಬಾಕಿ ಇಲ್ಲ. ದಿನಾ ಖಾತೆ ಬರೆಯುವ ನನಗೆ ಇದಕ್ಕಿಂತ ಸರಳವಾಗಿ ತಿಳಿಸುವ ದಾರಿ ಸಿಗಲಿಲ್ಲ. 37 ಇದೆಯೋ ಇಲ್ಲವೋ ನೋಡಲು ಅದೇ ಗುಂಪುಗಳನ್ನು ಕಳೆಯದೆ ಎಲ್ಲ ಕೂಡಿಸಿ. 1332 ಬರುತ್ತದೆ, ಅದು 37 × 36.

ಈ 111111 ಇನ್ನೊಂದು ಕಡೆಯೂ ಅಡಗಿದೆ. 1ನ್ನು 7ರಿಂದ ಭಾಗಿಸಿದರೆ 0.142857142857… ಎಂದು ಆರಂಕಿ ಸುತ್ತುತ್ತಲೇ ಇರುತ್ತದೆ. ಆರೇ ಯಾಕೆ? 111111 × 9 = 999999. 7 ಅದನ್ನು ಪೂರ್ತಿ ಭಾಗಿಸುತ್ತದೆ, ಬರುವುದು 142857. 13ರದ್ದೂ ಅದೇ ಕತೆ: 0.076923 ಸುತ್ತುತ್ತದೆ. 37 ಮೂರೇ ಅಂಕಿಗೆ, 027 ಎಂದು ಸುತ್ತುತ್ತದೆ, ಯಾಕೆಂದರೆ ಅದಕ್ಕೆ 999 ಸಾಕು. ಮಹಾವೀರರ ಪಟ್ಟಿಯಲ್ಲಿ 142857143 × 7 = 1000000001 ಎಂಬ ಹಾರವೂ ಇದೆ. ಆ 142857 ಎಲ್ಲಿಯದು ಅಂತ ಈಗ ಗೊತ್ತಾಯಿತಲ್ವಾ.

ಮುಂದಿನ ಪ್ರಶ್ನೆ: 12345654321ನ್ನು ಪೂರ್ತಿ ಭಾಗಿಸುವ ಸಂಖ್ಯೆಗಳು ಎಷ್ಟು? ಒಂದೊಂದೇ ಹುಡುಕಬೇಕಾಗಿಲ್ಲ. ನಮ್ಮ ಕಡೆ ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ ಮಾಡುತ್ತಾರೆ. ಅದಕ್ಕೆ ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ, ನಿಂಬೆರಸ, ಹೀಗೆ ಐದು ಪದಾರ್ಥ ಎಂದಿಟ್ಟುಕೊಳ್ಳಿ. ಪ್ರತಿಯೊಂದನ್ನೂ ಹಾಕದೇ ಇರಬಹುದು, ಒಂದು ಚಮಚ ಹಾಕಬಹುದು, ಎರಡು ಹಾಕಬಹುದು. ಮೂರು ಆಯ್ಕೆ, ಐದು ಪದಾರ್ಥ. 3 × 3 × 3 × 3 × 3 = 243 ಬಗೆಯ ಒಗ್ಗರಣಿ. ಹಾರದಲ್ಲೂ ಐದು ಅವಿಭಾಜ್ಯಗಳು, ಪ್ರತಿಯೊಂದೂ ಎರಡೆರಡು ಸಲ. ಭಾಜಕ ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಂದು ಸಲ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹಾಗಾಗಿ ಭಾಜಕಗಳು 243. ಮಹಾವೀರರೂ ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರುಚಿಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು ಎಂಬ ಲೆಕ್ಕ ಕೊಟ್ಟಿದ್ದಾರೆ. ಇಷ್ಟರಲ್ಲಿ ಇಷ್ಟನ್ನು ಆರಿಸುವ ಬಗೆ ಎಷ್ಟು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನೂ ಬರೆದಿಟ್ಟಿದ್ದಾರೆ.

243 ಬೆಸ ಸಂಖ್ಯೆ. ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ, 441ಕ್ಕೆ 27994681 ಜೋಡಿ ಇದ್ದಂತೆ. 111111 ಮಾತ್ರ ತನಗೆ ತಾನೇ ಜೋಡಿ. ಹಾಗಾಗಿ ಒಂದು ಒಂಟಿ ಉಳಿಯುತ್ತದೆ. ಯಾವುದೇ ಸಂಖ್ಯೆಯ ವರ್ಗವಾದರೂ ಭಾಜಕಗಳ ಎಣಿಕೆ ಬೆಸವೇ.

ಇದನ್ನು ಹೊಲದಲ್ಲಿ ತೋರಿಸುತ್ತೇನೆ. ನಾಲ್ಕೂ ಬದಿ 111 ಮೀಟರ್ 11 ಸೆಂಟಿಮೀಟರ್ 1 ಮಿಲಿಮೀಟರ್ ಇರುವ ಚೌಕದ ಹೊಲ ಇದೆ ಅನ್ನಿ. ಬದಿ ಅಂದರೆ 111111 ಮಿ.ಮೀ. ಅದರ ವಿಸ್ತೀರ್ಣ ಚದರ ಮಿಲಿಮೀಟರಿನಲ್ಲಿ ಸರಿಯಾಗಿ 12345654321. ನಮ್ಮ ಅಳತೆಗೆ ತಂದರೆ 3 ಎಕರೆ 2 ಗುಂಟೆ. ಪಹಣಿಯಲ್ಲಿ ದಿನಾ ನೋಡುವಂಥ ಹೊಲ! ಇಷ್ಟೇ ವಿಸ್ತೀರ್ಣದ ಆಯತಗಳನ್ನು, ಬದಿಗಳು ಪೂರ್ಣ ಮಿಲಿಮೀಟರಿನಲ್ಲೇ ಇರುವಂತೆ, 122 ಬಗೆಯಲ್ಲಿ ಮಾಡಬಹುದು. 121 ಜೋಡಿ, ಜೊತೆಗೆ ಈ ಚೌಕ. ಮಹಾವೀರರ ಜೋಡಿಯನ್ನೇ ಹೊಲ ಮಾಡಿದರೆ ಅಗಲ 44 ಸೆಂಟಿಮೀಟರ್, ಉದ್ದ ಸುಮಾರು 28 ಕಿಲೋಮೀಟರ್. ಹೆಚ್ಚು ಕಡಿಮೆ ಒಂದು ಮೊಳ ಅಗಲದ ಪಟ್ಟಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು.

6ರ ಭಾಜಕಗಳು, 6ನ್ನು ಬಿಟ್ಟು, 1, 2, 3. ಕೂಡಿಸಿದರೆ 6. ಇಂಥದ್ದಕ್ಕೆ ಪರಿಪೂರ್ಣ ಸಂಖ್ಯೆ ಎನ್ನುತ್ತಾರೆ. 28 ಕೂಡ ಹಾಗೇ. ಮುಂದಿನವು 496, 8128. ಇದುವರೆಗೆ ಸಿಕ್ಕಿರುವುದೆಲ್ಲ ಸರಿ ಸಂಖ್ಯೆಗಳೇ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ? ಗಣಿತದಲ್ಲಿ ಇನ್ನೂ ಬಿಡಿಸದೆ ಉಳಿದಿರುವ ಅತಿ ಹಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ಇದ್ದರೂ ಅದು 1ರ ಮುಂದೆ 1500 ಸೊನ್ನೆ ಇಟ್ಟ ಸಂಖ್ಯೆಗಿಂತ ದೊಡ್ಡದಿರಬೇಕು ಎಂದು 2012ರಲ್ಲಿ ಸಾಧಿಸಿದ್ದಾರೆ.

ಬೆಸ ಸಂಖ್ಯೆಗಳ ಭಾಜಕಗಳ ಮೊತ್ತ ಬಹುತೇಕ ಕಡಿಮೆಯೇ ಬೀಳುತ್ತದೆ. 2ರ ನೆರವು ಇಲ್ಲವಲ್ಲ. ತನಗಿಂತ ಜಾಸ್ತಿ ಮೊತ್ತ ಬರುವ ಮೊದಲ ಬೆಸ ಸಂಖ್ಯೆ 945. ನಮ್ಮ ಹಾರವೂ ಆ ಗುಂಪಿಗೆ ಸೇರುತ್ತದೆ. ತನ್ನನ್ನು ಬಿಟ್ಟು ಉಳಿದ 242 ಭಾಜಕಗಳನ್ನು ಕೂಡಿಸಿದರೆ 13,02,98,70,672. ಹಾರಕ್ಕಿಂತ 68 ಕೋಟಿ ಚಿಲ್ಲರೆ ಜಾಸ್ತಿ. 243 ಸಂಖ್ಯೆ ಕೂಡಿಸುತ್ತಾ ಕೂರಬೇಕಿಲ್ಲ. ಎಲ್ಲ ಭಾಜಕಗಳ ಮೊತ್ತ ಎಂದರೆ (1+3+9), (1+7+49), (1+11+121), (1+13+169), (1+37+1369) ಈ ಐದರ ಗುಣಲಬ್ಧ. ಆವರಣ ಬಿಡಿಸಿದರೆ ಪ್ರತಿ ಭಾಜಕವೂ ಒಂದೊಂದು ಸಲ ಬರುತ್ತದೆ, ಒಗ್ಗರಣಿಯ ಆಯ್ಕೆಗಳಂತೆಯೇ. ಬಂದ ಮೊತ್ತದಿಂದ ಹಾರವನ್ನು ಕಳೆದರೆ ಮುಗಿಯಿತು.

ಈ ಲೆಕ್ಕವನ್ನು ಹಂತ ಹಂತವಾಗಿ ಮಾಡುವಾಗ ಕೊನೆಯ 37 ಸೇರಿಸುವ ಮುಂಚೆ ನಿಂತು ನೋಡಿ. 3 × 7 × 11 × 13 = 3003. ಅದರ ವರ್ಗ 9018009. ಅದರ ಎಲ್ಲ ಭಾಜಕಗಳ ಮೊತ್ತ, ಅದನ್ನೂ ಸೇರಿಸಿ, 13 × 57 × 133 × 183 = 18035199. ಪರಿಪೂರ್ಣ ಆಗಬೇಕಿದ್ದರೆ ಎರಡರಷ್ಟು, ಅಂದರೆ 18036018 ಬರಬೇಕಿತ್ತು. ಕಡಿಮೆ ಬಿದ್ದದ್ದು ಎಷ್ಟು? ಬರೀ 819. ಒಂದು ಕೋಟಿ ಎಂಬತ್ತು ಲಕ್ಷದ ಲೆಕ್ಕದಲ್ಲಿ ಎಂಟುನೂರ ಚಿಲ್ಲರೆ!

ಇನ್ನೊಂದು ಅವಿಭಾಜ್ಯ ಸಂಖ್ಯೆಯನ್ನು ಒಂದೇ ಸಲ ಸೇರಿಸಿ ಈ ಕೊರತೆ ತುಂಬಬಹುದೇ? ಒಂದು ಅವಿಭಾಜ್ಯವನ್ನು ಸೇರಿಸಿದರೆ ಸಂಖ್ಯೆ ಅದರಷ್ಟು ಪಟ್ಟು ಬೆಳೆಯುತ್ತದೆ, ಭಾಜಕಗಳ ಮೊತ್ತ ಅದಕ್ಕಿಂತ ಒಂದು ಪಟ್ಟು ಜಾಸ್ತಿ ಬೆಳೆಯುತ್ತದೆ. ಈಗ 18035199ನ್ನು 819ರಿಂದ ಭಾಗಿಸಿ. 22021, ಶೇಷವಿಲ್ಲ. 18036018ನ್ನು ಭಾಗಿಸಿ. 22022. 18035199ರ 22022 ಪಟ್ಟೂ 18036018ರ 22021 ಪಟ್ಟೂ ಒಂದೇ. ಅಂದರೆ ಬೇಕಾದ ಅವಿಭಾಜ್ಯ ಸರಿಯಾಗಿ 22021. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಫ್ರಾನ್ಸಿನ ಗಣಿತಜ್ಞ ರೆನೆ ಡೆಕಾರ್ಟ್ 1638ರಲ್ಲಿ ಕಂಡದ್ದು ಇದೇ. 9018009 × 22021 = 198585576189. 22021 ಅವಿಭಾಜ್ಯ ಎಂದು ಹಿಡಿದರೆ ಇದು ಬೆಸ ಪರಿಪೂರ್ಣ ಸಂಖ್ಯೆ. ಇಂದಿಗೂ ಇದನ್ನು ಡೆಕಾರ್ಟ್ ಸಂಖ್ಯೆ ಎನ್ನುತ್ತಾರೆ. ಅವನ ಸಂಖ್ಯೆಯ ಒಳಗಿರುವ 3003ರ ವರ್ಗವೇ ಮಹಾವೀರರ ಹಾರದ ಒಳಗೂ ಇದೆ. ಒಂದಕ್ಕೆ 37 ಎರಡು ಸಲ ಸೇರಿ ಹಾರವಾಯಿತು. ಇನ್ನೊಂದಕ್ಕೆ 22021 ಸೇರಿ, ಆ ಹಳೆಯ ಪ್ರಶ್ನೆಯ ಬಾಗಿಲ ತನಕ ಹೋಯಿತು. ಮಳಖೇಡದ ದೊರೆಯ ಕಾಲದ ಲೆಕ್ಕಕ್ಕೂ ಫ್ರಾನ್ಸಿನ ಲೆಕ್ಕಕ್ಕೂ ನಡುವೆ ಸುಮಾರು ಎಂಟುನೂರು ವರ್ಷದ ಅಂತರ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಗಂಟನ್ನು ಮುಟ್ಟಿದ್ದಾರೆ.

ಇಷ್ಟೆಲ್ಲ ಒಂದೇ ದಿನ ಹೇಳಲಿಲ್ಲ. ನಾಲ್ಕೈದು ಮಧ್ಯಾಹ್ನ ಹಿಡಿಯಿತು. 22021ರ ಹತ್ತಿರ ಬಂದಾಗ ಅದು ಅವಿಭಾಜ್ಯವೇ ಅಂತ ನಾನು ಹೇಳಲಿಲ್ಲ, ನೀನೇ ನೋಡವಾ ಅಂದೆ. 3ರಿಂದ ಶುರುಮಾಡಿದಳು. ಅಂಕಿಗಳ ಮೊತ್ತ 7, ಹಾಗಾಗಿ 3 ಇಲ್ಲ. 7, 11, 13 ಆಗಲಿಲ್ಲ. 17 ಆಗಲಿಲ್ಲ. 19 ಹಾಕಿದಳು. ಪರದೆಯ ಮೇಲೆ 1159 ಬಂತು, ಚುಕ್ಕಿಯಿಂದಾಚೆ ಏನೂ ಇಲ್ಲ. ಮತ್ತೊಮ್ಮೆ 19 ಒತ್ತಿದಳು. 61.

"ಮಾಮಾ, ಒಡೀತು."

ಪಟ್ಟಿಯ ಹಿಂಬದಿಯಲ್ಲಿ 22021 = 19 × 19 × 61 ಎಂದು ಬರೆದು ಕೆಳಗೆ ಗೆರೆ ಎಳೆದಳು. ಆಮೇಲೆ ತಲೆ ಎತ್ತಿ ಕೇಳಿದಳು, "ಹಂಗಾರ 3003 ಬಿಟ್ಟು ಬ್ಯಾರೇದು ತಗೊಂಡು ನೋಡೋಣೇನು?" ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು, ನನ್ನನ್ನು ತೂಕಕ್ಕೆ ಕರೆದರು. ಎದ್ದು ಹೋಗುವಾಗ ಕ್ಯಾಲ್ಕುಲೇಟರನ್ನು ಅವಳ ಕೈಯಲ್ಲೇ ಬಿಟ್ಟು ಹೋದೆ.